ಮೂರು ಕುರ್ಚಿಗಳ ಮನೆ

1845ರ ಮಾರ್ಚ್ ಕೊನೆ. ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಾಚೆ, ವಾಲ್ಡನ್ ಕೊಳದ ಮಂಜುಗಡ್ಡೆ ಇನ್ನೂ ಪೂರ್ತಿ ಕರಗಿಲ್ಲ. ಅಲ್ಲಲ್ಲಿ ಬಾಯಿಬಿಟ್ಟ ನೀರು ಕಪ್ಪಗೆ ಕಾಣುತ್ತಿದೆ. ದಡದ ಪೈನ್ ಮರಗಳ ನಡುವೆ ಇಪ್ಪತ್ತೇಳರ ಹೆನ್ರಿ ಡೇವಿಡ್ ಥೋರೋ ಎರವಲು ತಂದ ಕೊಡಲಿಯಿಂದ ತೊಲೆ ಕೆತ್ತುತ್ತಿದ್ದಾನೆ. ಮಧ್ಯಾಹ್ನವಾದರೆ ತಾನೇ ಕಡಿದ ರೆಂಬೆಗಳ ಮೇಲೆ ಕೂತು ಬ್ರೆಡ್ಡು ಬೆಣ್ಣೆಯ ಬುತ್ತಿ ಬಿಚ್ಚುತ್ತಾನೆ. ಕೈಗೆ ಮೆತ್ತಿದ ಪೈನ್ ಅಂಟಿನ ಘಮ ಬ್ರೆಡ್ಡಿಗೂ ಹತ್ತುತ್ತದೆ. ಬುತ್ತಿ ಸುತ್ತಿಕೊಂಡು ಬಂದ ಪತ್ರಿಕೆಯ ಹಾಳೆಯನ್ನೂ ಅವನು ಬಿಡುವುದಿಲ್ಲ, ಬಿಡಿಸಿ ಓದುತ್ತಾನೆ.

ಜಾಗ ಅವನದಲ್ಲ, ಲೇಖಕ ರಾಲ್ಫ್ ವಾಲ್ಡೊ ಎಮರ್ಸನ್‌ನದು. ನಾಲ್ಕು ವರ್ಷದ ಹಿಂದೆ, 1841ರಲ್ಲಿ, ಆತ 'ಸೆಲ್ಫ್ ರಿಲಯನ್ಸ್' ಎಂಬ ಪ್ರಬಂಧ ಪ್ರಕಟಿಸಿದ್ದ. ಪರಂಪರೆ ಹೇಳಿತು, ನೆರೆಹೊರೆ ಒಪ್ಪಿತು ಎಂದು ಬದುಕದೆ, ಒಳಗಿನ ತಿಳಿವನ್ನು ನಂಬಿ ನಡೆಯಬೇಕೆಂಬುದು ಅದರ ತಿರುಳು. ಅಮೆರಿಕದ ವ್ಯಕ್ತಿವಾದ ಎಂದಾಗ ಈಗಲೂ ಮೊದಲು ನೆನಪಾಗುವ ಬರಹ ಅದು. ಎಮರ್ಸನ್ ಬರೆದದ್ದಕ್ಕೆ ಗೋಡೆ, ಮಾಡು, ಒಲೆ ಕಟ್ಟಿ ಪರೀಕ್ಷಿಸಲು ಹೊರಟವನು ಥೋರೋ.

ಮನೆಗೆ ಹಲಗೆ ಎಲ್ಲಿಂದ ಬಂತೆಂಬುದನ್ನು ಅವನೇ 'ವಾಲ್ಡನ್' ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಫಿಚ್‌ಬರ್ಗ್ ರೈಲುಹಾದಿಯಲ್ಲಿ ದುಡಿಯುತ್ತಿದ್ದ ಐರಿಷ್ ಕೂಲಿ ಜೇಮ್ಸ್ ಕಾಲಿನ್ಸ್‌ನ ಗುಡಿಸಲನ್ನು ಅವನು 4 ಡಾಲರ್ 25 ಸೆಂಟಿಗೆ ಕೊಂಡ. ನೋಡಲು ಹೋದಾಗ ಒಳಗೆಲ್ಲ ಕತ್ತಲೆ, ತೇವದ ಮಣ್ಣುನೆಲ. ಅದೇ ಮನೆಯಲ್ಲಿ ಒಂದು ಕೂಸು, ರೇಷ್ಮೆಯ ಕೊಡೆ, ಚಿನ್ನದ ಬಣ್ಣದ ಚೌಕಟ್ಟಿನ ಕನ್ನಡಿ, ಹೊಸದೊಂದು ಕಾಫಿ ಬೀಸುವ ಯಂತ್ರ. ಸಂಜೆ ದುಡ್ಡು ಕೊಡುವುದು, ಬೆಳಗಿನ ಐದಕ್ಕೆ ಅವರು ಮನೆ ಬಿಡುವುದು ಎಂದು ಮಾತಾಯಿತು. ಆರಕ್ಕೆ ಹೊರಟ ಥೋರೋಗೆ ಆ ಸಂಸಾರ ದಾರಿಯಲ್ಲೇ ಎದುರಾಯಿತು. ಹಾಸಿಗೆ, ಕನ್ನಡಿ, ಕೋಳಿಗಳು, ಎಲ್ಲ ಸೇರಿ ಒಂದೇ ದೊಡ್ಡ ಗಂಟು. ಬೆಕ್ಕು ಮಾತ್ರ ಹಿಂದೆ ಉಳಿದು ಕಾಡು ಸೇರಿತು. ಆ ಬೆಳಿಗ್ಗೆಯೇ ಅವನು ಗುಡಿಸಲು ಬಿಚ್ಚಿದ, ಮೊಳೆ ಕಿತ್ತ, ಹಲಗೆಗಳನ್ನು ಗಾಡಿಯಲ್ಲಿ ಸಾಗಿಸಿ ಕೊಳದ ಬದಿಯ ಹುಲ್ಲಿನ ಮೇಲೆ ಬಿಸಿಲಿಗೆ ಹರವಿದ.

ಈ ಪುಟವನ್ನು ನಾನು ಎಂದೂ ಬೇಗ ದಾಟಲಾರೆ. ಒಬ್ಬನ ಬಿಡುಗಡೆಯ ಮನೆಗೆ ಇನ್ನೊಬ್ಬರ ಸೂರು ಬಿಚ್ಚಬೇಕಾಯಿತು. ಬೆಕ್ಕು ಏನಾಯಿತೆಂದು ಬರೆದ ಥೋರೋ, ಕಾಲಿನ್ಸ್ ಸಂಸಾರ ಎಲ್ಲಿಗೆ ಹೋಯಿತೆಂದು ಬರೆಯಲಿಲ್ಲ. ಆದರೂ ಆ ಗಂಟನ್ನು, ಆ ಕನ್ನಡಿಯನ್ನು ನಮ್ಮ ಕಣ್ಣಮುಂದೆ ತಂದು ನಿಲ್ಲಿಸಿದವನು ಅವನೇ. ಮರೆಮಾಚುವುದು ಅವನಿಂದ ಆಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಪರಿಚಿತರು ಬಂದು ಚೌಕಟ್ಟು ಎತ್ತಿ ನಿಲ್ಲಿಸಿದರು. ಜುಲೈ 4ರಂದು, ಊರು ಸ್ವಾತಂತ್ರ್ಯದ ದಿನ ಆಚರಿಸುತ್ತಿದ್ದಾಗ, ಅವನು ಒಳಗೆ ಬಂದ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಗೋಡೆಗೆ ಇನ್ನೂ ಗಾರೆಯಿಲ್ಲ, ಹಲಗೆಗಳ ಸಂದಿಯಿಂದ ರಾತ್ರಿಯ ತಂಪು ನುಗ್ಗುತ್ತಿತ್ತು. ಒಂದು ಮಂಚ, ಒಂದು ಮೇಜು, ಬರೆಯಲು ಇನ್ನೊಂದು, ಮೂರು ಕುರ್ಚಿ. ಮನೆಗಾದ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟು. ಆ ಅರ್ಧ ಸೆಂಟನ್ನೂ ಅವನು ಬಿಡಲಿಲ್ಲ. ತನ್ನ ಬದುಕಿಗೆ ತಾನೇ ಲೆಕ್ಕ ಕೊಡಬೇಕು, ಇನ್ನೊಬ್ಬರ ಅಳತೆಯಲ್ಲಿ ಅಳೆಸಿಕೊಳ್ಳಬಾರದು ಎಂಬ ಹಟ ಅಲ್ಲಿದೆ.

ಬೆಳಗಾದರೆ ಗುದ್ದಲಿ ಹಿಡಿದು ಬೀನ್ಸ್ ಹೊಲಕ್ಕೆ. ಎರಡೂವರೆ ಎಕರೆ. ಸಾಲುಗಳನ್ನೆಲ್ಲ ಜೋಡಿಸಿದರೆ ಏಳು ಮೈಲಿ. ಇಬ್ಬನಿಯಲ್ಲಿ ಬರಿಗಾಲು, ಕಲ್ಲಿಗೆ ತಾಗಿ ಗುದ್ದಲಿಯ ಠಣ್ ಸದ್ದು. ಕೊಳದ ಅಂಚಿನಲ್ಲಿ ರೈಲು ಸಿಳ್ಳು ಹಾಕಿ ಹೋಗುತ್ತದೆ. ಇದು ದುರ್ಗಮ ಅರಣ್ಯವೇನಲ್ಲ, ಊರಿಗೆ ಒಂದೂವರೆ ಮೈಲಿ, ತಾಯಿಯ ಮನೆಯೂ ಅಲ್ಲೇ. ಜನ ಬರುತ್ತಿದ್ದರು, ಮೂರು ಕುರ್ಚಿ ತುಂಬಿದರೆ ಉಳಿದವರು ನಿಂತೇ ಮಾತಾಡುತ್ತಿದ್ದರು. ಹಿಂದೆ ಈ ಕಾಡಂಚಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಬಾಳಿದ್ದರು. ನೂಲುತ್ತಾ ಹಾಡುತ್ತಿದ್ದ ಜಿಲ್ಫಾ ಎಂಬಾಕೆಯ ಪುಟ್ಟ ಮನೆ ಅವನ ಹೊಲದ ಮೂಲೆಯಲ್ಲೇ ಇತ್ತು. ಅವರನ್ನೂ ಅವನು ಹೆಸರು ಹಿಡಿದು ನೆನೆಯುತ್ತಾನೆ.

ಮರುವರ್ಷದ ಜುಲೈ ಕೊನೆಯಲ್ಲಿ, ರಿಪೇರಿಗೆ ಕೊಟ್ಟ ಶೂ ತರಲು ಊರಿಗೆ ಹೋದವನನ್ನು ತೆರಿಗೆ ವಸೂಲಿಗಾರ ಸ್ಯಾಮ್ ಸ್ಟೇಪಲ್ಸ್ ಹಿಡಿದು ಜೈಲಿಗೆ ಹಾಕಿದ. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತಲೆಗಂದಾಯ ಕಟ್ಟಲಾರೆ ಎಂದು ಅವನು ವರ್ಷಗಳಿಂದ ಕೂತಿದ್ದ. ರಾತ್ರಿಯಿಡೀ ಊರಿನ ಗಡಿಯಾರದ ಗಂಟೆ, ಪಕ್ಕದ ಛತ್ರದ ಅಡುಗೆಮನೆಯ ಮಾತು ಕಿವಿಗೆ ಬೀಳುತ್ತಿದ್ದವು. ಕಾಂಕರ್ಡನ್ನು ಇಷ್ಟು ಒಳಗಿನಿಂದ ಅವನು ಹಿಂದೆ ಕೇಳಿರಲಿಲ್ಲ. ಯಾರೋ ತೆರಿಗೆ ಕಟ್ಟಿದ್ದರಿಂದ ಮರುದಿನ ಬಿಟ್ಟರು. ಶೂ ಇಸಕೊಂಡು, ಬೆರ್ರಿ ಹಣ್ಣು ಕೀಳಲು ಕಾದಿದ್ದವರ ಜೊತೆ ಗುಡ್ಡ ಹತ್ತಿದ.

ಆಗಸ್ಟ್ 1ರಂದು ಅವನ ಬಾಗಿಲ ಮುಂದೆ ಕಾಂಕರ್ಡಿನ ಹೆಂಗಸರ ಗುಲಾಮಗಿರಿ ವಿರೋಧಿ ಸಂಘ ಸಭೆ ಸೇರಿತು. ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ಕೊನೆಗೊಂಡ ದಿನದ ಆಚರಣೆ ಅದು. ಅವನ ತಾಯಿಯೂ ಅಕ್ಕತಂಗಿಯರೂ ಆ ಸಂಘದವರೇ. ಎಮರ್ಸನ್ ಮಾತಾಡಿದ. ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಲೂಯಿಸ್ ಹೇಡನ್ ಕೂಡ ಎದ್ದು ನಿಂತು ಮಾತಾಡಿದ.