ಹಿಂದು ಮುಂದಿಲ್ಲದ ದೋಣಿ

ಹರಿಗೋಲನ್ನು ಮೊದಲ ಸಲ ಹತ್ತುವವರು ಸಾಮಾನ್ಯವಾಗಿ ಅಂಚಿನ ಮೇಲೆ ಕಾಲಿಡಲು ಹೋಗುತ್ತಾರೆ. ಐಹೊಳೆ ಸೀಮೆಯ ಒಂದು ಊರಿನ ಹೊಳೆದಂಡೆಯಲ್ಲಿ ನನ್ನ ಮಗಳೂ ಹಾಗೇ ಮಾಡಹೋದಳು. ಅಂಬಿಗ ಕಾಕಾ ಅವಳ ತೋಳು ಹಿಡಿದು, "ಅಂಚ ತುಳೀಬಾರ್ದವಾ ತಂಗಿ. ನಟ್ಟ ನಡಕ ಕಾಲಿಟ್ಟು ಅಲ್ಲೇ ಕುಂದ್ರು" ಎಂದರು. ಅವಳು ಕಾಲಿಟ್ಟಳು. ಬಿದಿರಿನ ತಳ ಪಾದದ ಕೆಳಗೆ ಒಂಚೂರು ಬಾಗಿತು, ಮತ್ತೆ ಮೇಲೆದ್ದಿತು. "ಇದು ಮೆತ್ತಗೈತಿ!" ಎಂದು ಅವಳು ಬೆರಗಾದಳು. ಕಟ್ಟಿಗೆಯ ದೋಣಿಯ ಬಿಗುವಿನ ಬದಲು ಹರಿಗೋಲಿನಲ್ಲಿ ಈ ಬಾಗು ಇದೆ. ಅದರ ಶಕ್ತಿಯೂ ಅಲ್ಲೇ ಇದೆ.

ದೀಪಾವಳಿ ಮುಗಿದ ಮೇಲೆ, ಹೊಳೆಯ ಅಬ್ಬರ ಇಳಿದಾಗ, ನಾವು ಮನೆಮಂದಿ ನಾಲ್ವರು ಮಲಪ್ರಭೆಯ ಮೇಲೆ ಅರ್ಧ ದಿನ ಕಳೆಯಲು ಹೊರಟಿದ್ದೆವು. ಸಮುದ್ರವಿಲ್ಲದ ಜಿಲ್ಲೆ ನಮ್ಮದು. ಆದರೆ ನಮ್ಮ ಹೊಳೆಯ ನೀರು ಮಳೆಕಾಡಿನದು. ಖಾನಾಪುರ ತಾಲೂಕಿನ ಕಣಕುಂಬಿಯ ದಟ್ಟ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಸವದತ್ತಿ ಸೀಮೆಯ ನವಿಲುತೀರ್ಥದ ಅಣೆಕಟ್ಟು ದಾಟಿ, ಬಾದಾಮಿ ಸೀಮೆಯ ಶಿವಯೋಗಮಂದಿರ, ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸುಮಾರು 300 ಕಿಲೋಮೀಟರ್ ದಾರಿ. ಜೋಳದ ಹೊಲಗಳ ನಡುವೆ ನಿಂತು ಮುಟ್ಟುವ ಈ ನೀರು ಪಶ್ಚಿಮಘಟ್ಟದ ಎಲೆಗಳಿಂದ ತೊಟ್ಟಿಕ್ಕಿ ಬಂದದ್ದು.

ಈ ಹೊಳೆಯ ಗುಣ ತಿಳಿದರೆ ದೋಣಿಯ ಆಕಾರ ತಾನಾಗಿ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಬಂಡೆ ಕಾಣುವಷ್ಟು ತೆಳು ನೀರು, ಮಳೆಗಾಲದಲ್ಲಿ ಕೆಂಪು ಸೆಳವು. ಆಳಕ್ಕಿಳಿಯುವ ತಳವಿರುವ ಕಟ್ಟಿಗೆಯ ದೋಣಿ ಇಂಥಲ್ಲಿ ಮೊದಲ ಬಂಡೆಗೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಬೇಕಾದದ್ದು ತೆಳು ನೀರಿನಲ್ಲೂ ತೇಲುವ, ಬಂಡೆ ತಗುಲಿದರೆ ಬಳುಕಿ ಜಾರುವ, ಒಬ್ಬನೇ ಹೊತ್ತು ನಡೆಯಬಲ್ಲ ದೋಣಿ. ಬಿದಿರಿನ ದೊಡ್ಡ ದುಂಡು ಬುಟ್ಟಿಯಲ್ಲಿ ಈ ಮೂರೂ ಗುಣ ಇವೆ.

ಹೆಣೆಯುವ ಕೆಲಸ ಬಿದಿರು ಸೀಳುವುದರಿಂದ ಶುರು. ಗಳವನ್ನು ಉದ್ದಕ್ಕೆ ಸೀಳಿ, ಗೆಣ್ಣು ಕೆತ್ತಿ ನಯ ಮಾಡಿದ ದಬ್ಬೆಗಳನ್ನು ನೆಲದ ಮೇಲೆ ಹಾಸುತ್ತಾರೆ. ಅವುಗಳನ್ನು ಮೂರು ದಿಕ್ಕಿನಿಂದ ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸುವುದರಿಂದ ನಡುವೆ ಜೇನುಹುಟ್ಟಿನಂಥ ಆರು ಮೂಲೆಯ ಕಿಂಡಿಗಳು ಮೂಡುತ್ತವೆ. ಚೌಕದ ಹೆಣಿಗೆಯನ್ನು ಮೂಲೆಯಲ್ಲಿ ಒತ್ತಿದರೆ ಅದು ಓರೆಯಾಗುತ್ತದೆ. ಮೂರು ದಿಕ್ಕಿನ ಹೆಣಿಗೆ ಯಾವ ಕಡೆಯಿಂದ ಒತ್ತಿದರೂ ಆಕಾರ ಬಿಡುವುದಿಲ್ಲ. ತಳ ಸಾಕಷ್ಟು ಅಗಲವಾದ ಮೇಲೆ ನಡುವೆ ಭಾರದ ಕಲ್ಲುಗಳನ್ನು ಹೇರುತ್ತಾರೆ. ಕಲ್ಲು ತಳವನ್ನು ನೆಲಕ್ಕೆ ಒತ್ತಿ ಹಿಡಿದಿರುವಾಗ ಸುತ್ತಲಿನ ದಬ್ಬೆಗಳನ್ನು ನಿಧಾನವಾಗಿ ಮೇಲಕ್ಕೆ ಬಗ್ಗಿಸಿ ಗೋಡೆ ಎಬ್ಬಿಸುತ್ತಾರೆ. ಕೊನೆಗೆ ಹಲವು ದಬ್ಬೆಗಳನ್ನು ಒಟ್ಟು ಹುರಿಮಾಡಿ ದಪ್ಪ ಅಂಚು ಕಟ್ಟುತ್ತಾರೆ. ಇಡೀ ಬುಟ್ಟಿಯ ಬಿಗಿಯನ್ನು ಹಿಡಿದಿಡುವುದು ಆ ಅಂಚೇ. ಅದನ್ನು ತುಳಿಯಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಅವ್ವ ಇಳಕಲ್ಲಿನ ನೇಕಾರರ ಮನೆಯ ಮಗಳು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದನ್ನು ನೋಡುತ್ತ ಬೆಳೆದವಳು. ದಂಡೆಯಲ್ಲಿ ಬೋರಲು ಹಾಕಿದ್ದ, ಇನ್ನೂ ಹೊದಿಕೆ ಹಾಕದ ಒಂದು ಹೊಸ ಹರಿಗೋಲಿನ ಮೇಲೆ ಅವಳು ಅಂಗೈ ಆಡಿಸಿದಳು. ಒಂದು ಕಿಂಡಿಗೆ ಬೆರಳು ತೂರಿಸಿದಳು, ಮಾರು ದೂರದ ಇನ್ನೊಂದಕ್ಕೂ ತೂರಿಸಿದಳು. "ಎಲ್ಲಾ ಕಡೆ ಬಿಗಿ ಒಂದ ಸಮ ಐತಿ" ಎಂದಳು. ಕಾಕಾ ಮುಖ ಅರಳಿಸಿದರು. "ಹೌದ್ರಿ ಯವ್ವಾ. ಒಂದ ಕಡೆ ಸಡ್ಲಾದ್ರ ನೀರಾಗ ಅದ ಕಡೀಗೆ ವಾಲ್ತೈತಿ." ಮಗ್ಗದ ಕಣ್ಣು ಬಿದಿರಿನ ಕೈಯನ್ನು ಒಂದೇ ಮುಟ್ಟಿಗೆ ಗುರುತಿಸಿತು.

ಹಿಂದೆ ಈ ಬುಟ್ಟಿಗೆ ತೊಗಲು ಹೊದಿಸುತ್ತಿದ್ದರು. ತೊಗಲು ನೀರಿನಲ್ಲಿ ನೆನೆದೇ ಇದ್ದರೆ ಕೊಳೆಯುವುದರಿಂದ ದಿನದ ಕೆಲಸ ಮುಗಿದ ಮೇಲೆ ದಂಡೆಗೆಳೆದು ಬೋರಲು ಹಾಕಿ ಒಣಗಿಸಬೇಕಿತ್ತು. ಈಗ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆಗಳನ್ನು ಹೊಲಿದು, ಮೇಲೆ ಕಾಯಿಸಿದ ಡಾಂಬರು ಬಳಿಯುತ್ತಾರೆ. ಹೊದಿಕೆ ಬದಲಾಯಿತು, ಹೆಣಿಗೆ ಬದಲಾಗಲಿಲ್ಲ.

ಇಷ್ಟು ತೆಳು ಬುಟ್ಟಿ ನಮ್ಮನ್ನೆಲ್ಲ ಹೇಗೆ ಹೊತ್ತೀತು? ಲೆಕ್ಕ ಸರಳ. ತಳದ ಅಡ್ಡಳತೆ 2 ಮೀಟರ್ ಎಂದುಕೊಂಡರೆ ಅದರ ಹರವು ಸುಮಾರು 3.14 ಚದರ ಮೀಟರ್. ಅದು 1 ಸೆಂಟಿಮೀಟರ್ ಮುಳುಗಿದರೆ 31 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅಂದರೆ 31 ಕಿಲೋ ಭಾರ ಹೊರುತ್ತದೆ. ಮೈತುಂಬಿದ ಒಬ್ಬ ಆಳು ಹತ್ತಿದರೆ ಎರಡೇ ಸೆಂಟಿಮೀಟರ್! ನಾವು ನಾಲ್ವರು, ಅಂಬಿಗ, ಬುಟ್ಟಿಯ ಭಾರ ಎಲ್ಲ ಸೇರಿದರೂ ಅದು ನೀರಿಗಿಳಿದದ್ದು ಅರ್ಧ ಗೇಣಿನ ಆಸುಪಾಸು. ಭಾರ ಸುತ್ತಲೂ ಸಮನಾಗಿ ಹಂಚಿರಬೇಕು, ಯಾರೂ ಎದ್ದು ನಿಲ್ಲಬಾರದು, ಅಷ್ಟೇ.

ಇನ್ನು ಹುಟ್ಟು ಹಾಕುವ ಬಗೆ. ಉದ್ದನೆಯ ದೋಣಿಗೆ ಮುಂದು ಹಿಂದು ಇರುವುದರಿಂದ ಪಕ್ಕದಲ್ಲಿ ನೀರನ್ನು ಹಿಂದಕ್ಕೆ ತಳ್ಳಿದರೆ ಅದು ಮುಂದೆ ಹೋಗುತ್ತದೆ. ಹರಿಗೋಲಿಗೆ ಹಾಗೆ ಮಾಡಿದರೆ ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಆದ್ದರಿಂದ ಅಂಬಿಗ ಹೋಗಬೇಕಾದ ದಿಕ್ಕಿನ ಅಂಚಿನಲ್ಲೇ ಕೂರುತ್ತಾನೆ. ಹುಟ್ಟನ್ನು ಮುಂದಕ್ಕೆ ಚಾಚಿ ನೀರಿಗಿಳಿಸಿ ತನ್ನ ಕಡೆಗೆ ಎಳೆಯುತ್ತಾನೆ. ದೋಣಿ ಹುಟ್ಟಿನತ್ತ ಸರಿಯುತ್ತದೆ. ಒಂದು ಎಳೆತ ಎಡದ ಓರೆಗೆ, ಮುಂದಿನದು ಬಲದ ಓರೆಗೆ. ಎಡದ ಎಳೆತ ಹುಟ್ಟಿಸಿದ ತಿರುವನ್ನು ಬಲದ್ದು ಅಳಿಸುತ್ತದೆ. ಕಾಕಾ ಅವರ ಮಣಿಕಟ್ಟನ್ನು ಹತ್ತಿರದಿಂದ ನೋಡಿದೆ. ಹುಟ್ಟು ನೀರಿನಿಂದ ಪೂರ್ತಿ ಮೇಲೆ ಬರುತ್ತಲೇ ಇರಲಿಲ್ಲ. ನೀರೊಳಗೇ ಓರೆಯಾಗಿ ಹೊರಳಿ, 8 ಅಂಕಿ ಬರೆದಂತೆ, ರಂಗೋಲಿಯ ಎಳೆ ಕಡಿಯದೆ ಸುತ್ತಿದಂತೆ ಓಡಾಡುತ್ತಿತ್ತು. ಸದ್ದಿಲ್ಲ, ನೀರು ಸಿಡಿಯಲಿಲ್ಲ. ನನ್ನ ಕೈಗೆ ಹುಟ್ಟು ಕೊಟ್ಟಾಗ ಮೂರೇ ಎಳೆತಕ್ಕೆ ನಾವು ಬಂದ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದೆವು. "ಸಿಟ್ಟಲೆ ಜಗ್ಗಬ್ಯಾಡ್ರಿ. ನೀರಿಗೆ ಸಿಟ್ಟ ತಿಳಿಯಂಗಿಲ್ಲ" ಎಂದರು ಕಾಕಾ.

ಈ ತಿರುಗಾಟವನ್ನು ಐನೂರು ವರ್ಷಗಳ ಹಿಂದೆಯೇ ಒಬ್ಬ ಪರದೇಶಿ ಗಮನಿಸಿದ್ದ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ತೊಗಲು ಹೊದಿಸಿದ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುವುದನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವುದನ್ನೂ ಬರೆದಿಟ್ಟಿದ್ದಾನೆ. ಅದಕ್ಕೂ ಬಹಳ ಹಿಂದೆ, 634ರಲ್ಲಿ, ರವಿಕೀರ್ತಿ ಬರೆದ ಶಾಸನ ನಮ್ಮ ಐಹೊಳೆಯ ಮೇಗುತಿ ಗುಡಿಯಲ್ಲಿದೆ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಪಡುವಣ ಕಡಲಿನ ಪುರಿಯನ್ನು ಮುತ್ತಿದ್ದು ಅದರಲ್ಲಿ ಬರುತ್ತದೆ. ಅರಸನ ಹಡಗುಗಳಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿತು. ಊರಿನ ಹರಿಗೋಲಿಗೆ ಜಾಗ ಸಿಕ್ಕಿದ್ದು ಕೈಯಿಂದ ಕೈಗೆ ದಾಟಿದ ರೂಢಿಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಆ ಕೈಗೆ ಮಾತೂ ಬಂತು. ಅಂಬಿಗರ ಚೌಡಯ್ಯ ಕಾಯಕ ಬೆರೆತ ತನ್ನ ಹೆಸರನ್ನೇ ವಚನಗಳ ಅಂಕಿತ ಮಾಡಿಕೊಂಡ.

ಹರಿಗೋಲಿಗೂ ಮಿತಿಯಿದೆ. ನಾರಾಯಣಪುರದ ಬಸವಸಾಗರದ ಹಿನ್ನೀರು ಕೂಡಲಸಂಗಮದವರೆಗೆ ಹರಡಿಕೊಂಡಿದೆ. ಅಲ್ಲಿರುವ ಬಸವಣ್ಣನವರ ಐಕ್ಯಮಂಟಪವನ್ನು ಈಗ ಸುತ್ತಲೂ ಕಟ್ಟಿದ ಬಾವಿಯಂಥ ಗೋಡೆ ಹಿನ್ನೀರಿನಿಂದ ಕಾಯುತ್ತಿದೆ. ಆ ಹರವಾದ, ಆಳವಾದ ನೀರಿನಲ್ಲಿ ಗಾಳಿ ಎದ್ದರೆ ಹಗುರ ಬುಟ್ಟಿ ಅದರ ಪಾಲಾಗುತ್ತದೆ. ಅಲ್ಲಿಗೆ ಬೇರೆ ದೋಣಿಯೇ ಸರಿ. ಹರಿಗೋಲು ಸಣ್ಣ ಹೊಳೆಯ ಕೂಸು. ಅದರಲ್ಲಿ ಕೂರುವಾಗಲೂ ಲೈಫ್ ಜಾಕೆಟ್ ತೊಡಲೇಬೇಕು.

ಆಚೆ ದಂಡೆಯ ಘಟ್ಟಕ್ಕೆ ಹೋಗಲು ಕಾಕಾ ನೇರವಾಗಿ ಹೊರಟಿರಲಿಲ್ಲ. ಮೊದಲು ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿಂದ ಹರಿಗೋಲು ಬಿಟ್ಟಿದ್ದರು. ಅಡ್ಡ ಹಾಯುವಷ್ಟು ಅವರ ಕೆಲಸ, ಕೆಳಗೆ ಒಯ್ಯುವುದು ಹೊಳೆಯ ಕೆಲಸ. ಹೀಗೆ ಎರಡು ಸಲ ದಾಟಿ ನಮ್ಮ ದಂಡೆಗೆ ಬರುವಷ್ಟರಲ್ಲಿ ಹೊರಟ ಜಾಗದಿಂದ ಬಹಳ ಕೆಳಗೆ ಬಂದಿದ್ದೆವು. ಅವರು ಹರಿಗೋಲನ್ನು ನೀರಿನಿಂದೆಳೆದು, ಬಸಿದು, ಬೋರಲು ಮಾಡಿ ತಲೆಯ ಮೇಲೆ ಹೊತ್ತರು. ಕಪ್ಪು ಚಿಪ್ಪಿನ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಮಗಳು ಓಡಿಹೋಗಿ ಹುಟ್ಟನ್ನು ತಾನೇ ಎತ್ತಿಕೊಂಡು ಅವರ ಹಿಂದೆ ನಡೆದಳು. ಒಣಮಣ್ಣಿನ ಮೇಲೆ, ಗಾಳಿಯಲ್ಲಿ, ಅವಳ ಕೈ ಆಗಲೇ ಎಡಕ್ಕೊಂದು ಬಲಕ್ಕೊಂದು ಎಳೆತ ಹಾಕುತ್ತಿತ್ತು.