ಇಳಿಯುತ್ತಿದ್ದ ತೂಕ ನಿಂತಾಗ

ಮೂರು ತಿಂಗಳು ಕ್ರಮವಾಗಿ ಇಳಿದುಬಂದ ತೂಕವು ನಾಲ್ಕನೆಯ ತಿಂಗಳಲ್ಲಿ ಕದಲದೆ ನಿಂತಿತೆಂದರೆ ಮನೆಯಲ್ಲಿ ಎರಡು ಬಗೆಯ ಮಾತು ಏಳುತ್ತದೆ. ಯಂತ್ರ ಕೆಟ್ಟಿರಬೇಕೆಂಬುದು ಒಂದು. ಕದ್ದು ತಿನ್ನುತ್ತಿರಬೇಕೆಂಬುದು ಇನ್ನೊಂದು. ಬಹುಮಟ್ಟಿಗೆ ಯಂತ್ರವೂ ಸರಿಯಾಗಿರುತ್ತದೆ, ಪಥ್ಯ ಹಿಡಿದವರೂ ನಿರಪರಾಧಿಗಳೇ. ಆದರೂ ಅಪವಾದದಿಂದ ನೊಂದ ಜೀವವು ಬೆಳಗಿನ ಉಪಾಹಾರವನ್ನೂ ತ್ಯಜಿಸುತ್ತದೆ. ಕೆಲವು ದಿನಗಳಲ್ಲಿ ಹಸಿವು ತಾಳಲಾರದೆ ಪಥ್ಯವನ್ನೇ ಬಿಟ್ಟು, ಕಳೆದ ತೂಕವನ್ನೆಲ್ಲ ಮರಳಿ ಪಡೆಯುತ್ತದೆ.

ತೂಕ ಹೀಗೆ ನಿಲ್ಲುವುದರ ಮರ್ಮವನ್ನು ಅಮೆರಿಕದ ಒಂದು ಪ್ರಯೋಗವು ಚೆನ್ನಾಗಿ ತೋರಿಸಿಕೊಟ್ಟಿದೆ. ಯುದ್ಧದಿಂದ ಬಳಲಿ ಹಸಿದ ಜನರಿಗೆ ಉಣಿಸುವ ಕ್ರಮವನ್ನು ಅರಿಯಲೆಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು ೧೯೪೫ರಲ್ಲಿ, ತಾವಾಗಿಯೇ ಮುಂದೆ ಬಂದ ೩೬ ಮಂದಿ ತರುಣರನ್ನು ೨೪ ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ವಾರಕ್ಕೆ ೨೨ ಮೈಲಿಗಳ ನಡಿಗೆಯೂ ಕಡ್ಡಾಯವಾಗಿತ್ತು. ಅವರ ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಆದರೆ ವಿಶ್ರಾಂತಿಯಲ್ಲಿರುವಾಗ ದೇಹವು ವ್ಯಯಿಸುವ ಶಕ್ತಿ ಅದಕ್ಕಿಂತಲೂ ಹೆಚ್ಚಾಗಿ, ಸುಮಾರು ಶೇಕಡ ೪೦ರಷ್ಟು ಕುಗ್ಗಿತು. ಬೇಸಗೆಯಲ್ಲಿಯೂ ಅವರಿಗೆ ಚಳಿಯಾಗುತ್ತಿತ್ತು. ವರಮಾನ ಇಳಿದ ಸಂಸಾರದಂತೆ ದೇಹವೂ ಖರ್ಚನ್ನು ಬಿಗಿಹಿಡಿಯಿತು.

ಪಥ್ಯದ ಮನೆಗಳಲ್ಲಿ ನಡೆಯುವುದೂ ಇದರದೇ ಸೌಮ್ಯರೂಪ. ೮೦ ಕಿಲೋ ತೂಗುತ್ತಿದ್ದವರು ೭೨ಕ್ಕೆ ಇಳಿದ ಮೇಲೆ ಲಾಲ್‌ಬಾಗಿನಲ್ಲಿ ಅದೇ ದೂರವನ್ನು ಅದೇ ವೇಗದಲ್ಲಿ ನಡೆದರೆ, ಆ ನಡಿಗೆಗೆ ತಗಲುವ ಶಕ್ತಿಯೂ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಮೊದಲ ತಿಂಗಳಲ್ಲಿ ಫಲ ಕೊಟ್ಟ ದಿನಚರಿಯೇ ಈಗ ಆಯವ್ಯಯವನ್ನು ಸರಿದೂಗಿಸುವ ದಿನಚರಿಯಾಗಿ ಮಾರ್ಪಟ್ಟಿರುತ್ತದೆ.

ಹಾಗೆಂದು ಅತಿಯಾಗಿ ದಂಡಿಸುವುದೂ ವಿವೇಕವಲ್ಲ. ಅಮೆರಿಕದ ದೂರದರ್ಶನದ ತೂಕ ಇಳಿಸುವ ಪಂದ್ಯವೊಂದರಲ್ಲಿ ೩೦ ವಾರಗಳಲ್ಲಿ ಸರಾಸರಿ ೫೮ ಕಿಲೋ ಕಳೆದಿದ್ದ ೧೪ ಮಂದಿಯನ್ನು ಆರು ವರ್ಷಗಳ ತರುವಾಯ ಪರೀಕ್ಷಿಸಿದ ವರದಿ ೨೦೧೬ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅವರಿಗೆ ಸರಾಸರಿ ೪೧ ಕಿಲೋ ಮರಳಿ ಬಂದಿತ್ತು. ದೇಹದ ವಿಶ್ರಾಂತಿಕಾಲದ ವ್ಯಯವಾದರೋ, ಅವರ ಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು ೫೦೦ ಕ್ಯಾಲೊರಿ ಕಡಿಮೆಯಾಗಿಯೇ ಉಳಿದಿತ್ತು!

ಆದ್ದರಿಂದ ಮೊದಲು ಮಾಡಬೇಕಾದುದು ಅಳತೆ. ಉಪ್ಪಿನಿಂದಲೂ, ಸ್ತ್ರೀಯರಲ್ಲಿ ಮಾಸಿಕ ಋತುವಿನಿಂದಲೂ ದೇಹದಲ್ಲಿ ನಿಂತ ನೀರು ಕರಗಿದ ಕೊಬ್ಬನ್ನು ಮರೆಮಾಚುವುದುಂಟು. ಎರಡು ಮೂರು ವಾರ ಕಾದು, ಸೊಂಟದ ಸುತ್ತಳತೆಯನ್ನೂ ನೋಡಬೇಕು. ಬಳಿಕ ಅಡುಗೆಮನೆ. ಪಥ್ಯದ ಆರಂಭದಲ್ಲಿ ಅಳೆದು ಹಾಕುತ್ತಿದ್ದ ಎಣ್ಣೆಯನ್ನು ಕ್ರಮೇಣ ಕೈಯಂದಾಜಿನಲ್ಲಿ ಸುರಿಯುವ ಅಭ್ಯಾಸ ಯಾರಿಗೂ ತಿಳಿಯದಂತೆ ಮರಳಿರುತ್ತದೆ. ಒಂದು ಚಹಾಚಮಚ ಎಣ್ಣೆಯಲ್ಲಿ ಸುಮಾರು ೪೦ ಕ್ಯಾಲೊರಿ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಲೋಟ ಕಾಫಿಯಲ್ಲಿ, ಹಾಲನ್ನು ಬಿಟ್ಟರೂ, ೧೬೦. ಇಡ್ಲಿಯನ್ನು ಎಣಿಸುವವರು ಚಟ್ನಿಯ ಕಾಯಿತುರಿಯನ್ನು ಎಣಿಸುವುದಿಲ್ಲ. ಊಟವನ್ನೇ ಬಿಡುವುದಕ್ಕಿಂತ, ತಟ್ಟೆಯಲ್ಲಿ ಅನ್ನದ ಒಂದು ಪಾಲನ್ನು ತೆಗೆದು ಅಲ್ಲಿ ಮೊಳಕೆಕಾಳಿನ ಉಸಲಿ, ಪಲ್ಯ, ಮೊಸರುಗಳನ್ನು, ತಿನ್ನುವವರು ಮೊಟ್ಟೆ ಮೀನುಗಳನ್ನು ಇರಿಸುವುದು ಮೇಲು. ಹಸಿವೂ ಅಡಗುತ್ತದೆ, ಸ್ನಾಯುವೂ ಉಳಿಯುತ್ತದೆ.

ವ್ಯಾಯಾಮದಲ್ಲಿಯೂ ಮಾರ್ಪಾಡು ಬೇಕು. ಸ್ನೇಹಿತರೊಡನೆ ಮಾತನಾಡುತ್ತ ಸಾಗುವ ಮಂದಗಮನದ ನಡುವೆ ಐದೈದು ನಿಮಿಷ ಏದುಸಿರು ಬರುವಷ್ಟು ಬಿರುಸಾಗಿ ನಡೆಯಬಹುದು. ವಾರಕ್ಕೆ ಎರಡು ದಿನ ಸ್ನಾಯುಬಲದ ವ್ಯಾಯಾಮವೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೇಳಿದೆ. ಗರಡಿಮನೆಯ ಬಸ್ಕಿಯೇ ಇದಕ್ಕೆ ಸಾಕು. ಮಂಡಿ ನೋಯುವವರು ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತರೂ ಆದೀತು. ಸ್ನಾಯು ಬೆಳೆದರೆ ಕೊಬ್ಬು ತಾನಾಗಿ ಉರಿದುಹೋಗುವುದೆಂಬ ಮಾತು ಮಾತ್ರ ಅತಿಶಯೋಕ್ತಿ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ವ್ಯಯಿಸುವುದು ದಿನಕ್ಕೆ ೧೩ ಕ್ಯಾಲೊರಿಯಷ್ಟೇ. ಆದರೆ ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಸವೆಯುವುದನ್ನು ಈ ವ್ಯಾಯಾಮವು ತಡೆಯುತ್ತದೆ. ನಡುವಯಸ್ಸು ದಾಟಿದವರಿಗೆ ಅದೇ ದೊಡ್ಡ ಲಾಭ.

ಮಧುಮೇಹಕ್ಕೆ ಇನ್ಸುಲಿನ್ನನ್ನೋ ಮಾತ್ರೆಯನ್ನೋ ತೆಗೆದುಕೊಳ್ಳುತ್ತಿರುವವರು ಈ ಮಾರ್ಪಾಡುಗಳನ್ನು ವೈದ್ಯರಿಗೆ ತಿಳಿಸಿಯೇ ಕೈಗೊಳ್ಳಬೇಕು. ಊಟ ತಗ್ಗಿ ಔಷಧಿ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವುದುಂಟು. ತೂಕ ನಿಂತುದರ ಜೊತೆಗೆ ವಿಪರೀತ ಆಯಾಸ, ಮಲಬದ್ಧತೆ, ಚಳಿ ತಾಳಲಾರದಿರುವಿಕೆ ಕಂಡುಬಂದವರು ಥೈರಾಯ್ಡ್ ಗ್ರಂಥಿಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.