ಮುತ್ಯಾ ಹೋದ ಲಡಾಯಿ ಯಾವುದು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಿಂದ ಮಹಾಯುದ್ಧಕ್ಕೆ ಹೋದವರ ಜಾಡು ಹಿಡಿಯಬೇಕೆಂದರೆ ಮೊದಲು ಹಳೆಯ ನಕ್ಷೆ ಬಿಚ್ಚಬೇಕು.

"ನಮ್ಮ ಮುತ್ಯಾ ದಂಡಿನ್ಯಾಗ ಇದ್ನಂತ್ರೀ. ಬಸ್ರಾಕ್ಕ ಹೋಗಿ ಬಂದಿದ್ನಂತ."

ರಾಯಚೂರು ಜಿಲ್ಲೆಯ ಯಾವ ಊರ ಕಟ್ಟೆಯ ಮೇಲಾದರೂ ಇಂಥದೊಂದು ಮಾತು ಬಂದೀತು. ಯಾವ ಪಲ್ಟನ್, ಯಾವ ಇಸವಿ, ಮೊದಲನೆಯ ಲಡಾಯಿಯೋ ಎರಡನೆಯದೋ ಎಂದು ಕೇಳಿದಿರೋ, ಮಾತು ಅಲ್ಲಿಗೇ ನಿಂತಿತು. ಗೋಡೆಯ ಮೇಲಿದ್ದ ಫೋಟೊ ಮಳೆಗೆ ಹಾಳಾಗಿರುತ್ತದೆ, ಪದಕ ಅಕ್ಕಸಾಲಿಗನ ಮೂಸೆ ಸೇರಿರುತ್ತದೆ. ಉಳಿದಿರುವುದು ಒಂದು ಹೆಸರು, ಅದೂ ಅರ್ಧ.

ಹೆಸರಿನ ಈ ತೊಡಕು ಮಸ್ಕಿಗೆ ಹೊಸದಲ್ಲ. ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ಶಾಸನ ಬರೆಸಿದ ರಾಜ ತನ್ನನ್ನು 'ದೇವಾನಾಂಪ್ರಿಯ' ಎಂದು ಕರೆದುಕೊಂಡನೇ ಹೊರತು 1915ರವರೆಗೆ ಸಿಕ್ಕ ಶಾಸನಗಳಲ್ಲಿ ಅಶೋಕ ಎಂದು ಬರೆಸಿರಲಿಲ್ಲ. ಇಬ್ಬರೂ ಒಬ್ಬನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಹೇಳುತ್ತಿದ್ದರು. ಕಲ್ಲಿನ ಸಾಕ್ಷಿ ಸಿಕ್ಕಿದ್ದು ಮಸ್ಕಿಯಲ್ಲಿ, 1915ರಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಯ ಮೇಲೆ 'ಅಸೋಕ' ಎಂಬ ಹೆಸರೇ ಇತ್ತು. ಅದೇ 1915ರಲ್ಲಿ ಭಾರತದ ಸಿಪಾಯಿಗಳು ಫ್ರಾನ್ಸಿನಲ್ಲಿ, ಗ್ಯಾಲಿಪೋಲಿಯಲ್ಲಿ, ಮೆಸೊಪೊಟೇಮಿಯಾದಲ್ಲಿ ಸಾಯುತ್ತಿದ್ದರು. ಚಕ್ರವರ್ತಿಯ ಹೆಸರು ಎರಡು ಸಾವಿರ ವರ್ಷದ ಮೇಲೆ ಸಿಕ್ಕಿತು. ನೂರು ವರ್ಷದ ಹಿಂದಿನ ಸಿಪಾಯಿಯ ಹೆಸರು ಸಿಗಲು ಏನು ಬೇಕು?

ಯಾರ ದಂಡು?

ಎಡವುವುದು ಇಲ್ಲಿಯೇ. ಹುಡುಕುವವರು ಕರ್ನಾಟಕದಿಂದ ಶುರು ಮಾಡುತ್ತಾರೆ. ಆದರೆ ಎರಡೂ ಮಹಾಯುದ್ಧಗಳ ಕಾಲಕ್ಕೆ ಈ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಹೋದರೆ ಲಿಂಗಸುಗೂರೇ ಒಂದು ಜಿಲ್ಲೆ. 1905ರಲ್ಲಿ ಅದನ್ನು ಒಡೆದು ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳನ್ನು ರಾಯಚೂರಿಗೆ ಸೇರಿಸಿದರು. ಸುರಪುರ, ಶಹಾಪುರ ಗುಲ್ಬರ್ಗಕ್ಕೆ ಹೋದವು. ಮಸ್ಕಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಹಾಗಾಗಿ ಹಳೆಯ ಪಟ್ಟಿಯಲ್ಲಿ ಮಸ್ಕಿಯವನು 'ಲಿಂಗಸುಗೂರು, ರಾಯಚೂರು, ಹೈದರಾಬಾದ್' ಎಂದೇ ಇರುತ್ತಾನೆ.

ಲಿಂಗಸುಗೂರಿಗೆ ದಂಡು ಹೊಸದೇನಲ್ಲ. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಇಲ್ಲಿತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಪಡೆ ಹೊರಟದ್ದು ಈ ಊರಿನಿಂದಲೇ. 1903ರಲ್ಲಿ ಕಂಟಿಂಜೆಂಟ್ ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿ ಕರಗಿತು. ಆದ್ದರಿಂದ 'ಹೈದರಾಬಾದ್ ಪಲ್ಟನ್' ಎಂದು ಮನೆಯವರು ಹೇಳಿದರೆ ಎರಡರಲ್ಲಿ ಒಂದಾಗಿರಬೇಕು: ನಿಜಾಮನ ಸ್ವಂತ ಪಡೆ, ಇಲ್ಲವೇ ಹೈದರಾಬಾದ್, ಡೆಕ್ಕನ್ ಎಂಬ ಹೆಸರು ಹೊತ್ತ ಬ್ರಿಟಿಷ್ ರೆಜಿಮೆಂಟು. ಎರಡರ ಕಾಗದಪತ್ರ ಇರುವ ಜಾಗವೇ ಬೇರೆ ಬೇರೆ.

ಮೊದಲ ಯುದ್ಧದಲ್ಲಿ ನಿಜಾಮನ ಹೈದರಾಬಾದ್ ಲ್ಯಾನ್ಸರ್ಸ್ ಕುದುರೆ ದಳ ಮೈಸೂರು, ಜೋಧಪುರ ದಳಗಳ ಜೊತೆ ಒಂದೇ ಬ್ರಿಗೇಡಿನಲ್ಲಿ ಸೂಯೆಜ್ ಕಾಲುವೆ ಕಾಯಿತು. ಆ ಬ್ರಿಗೇಡಿನ ನೆನಪಿಗೆ ನಿಂತ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ವಿಗ್ರಹಗಳಲ್ಲಿ ಒಂದು ಹೈದರಾಬಾದಿನದು. ಹಾಗೆಂದು ಅಜ್ಜನನ್ನು ನೇರ ಹೈಫಾ ಊರೊಳಗೆ ನುಗ್ಗಿಸಬೇಡಿ. 1918ರ ಸೆಪ್ಟೆಂಬರ್ 23ರಂದು ಆ ಊರಿನ ಮೇಲೆ ಕುದುರೆ ಹಾರಿಸಿದವರು ಜೋಧಪುರ ಮತ್ತು ಮೈಸೂರಿನವರು. ಇತ್ತ ಬ್ರಿಟಿಷರ 20ನೇ ಡೆಕ್ಕನ್ ಹಾರ್ಸ್ 1916ರ ಜುಲೈ 14ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಹೈ ವುಡ್ ಕಾಡಿನ ಬಳಿ ಈಟಿ ಹಿಡಿದು ಕುದುರೆ ನುಗ್ಗಿಸಿತ್ತು.

ಎರಡನೆಯ ಯುದ್ಧದಲ್ಲಿ ನಿಜಾಮನ 1ನೇ ಹೈದರಾಬಾದ್ ಇನ್‌ಫೆಂಟ್ರಿ ಮಲಯಾದ ಕೋಟಾ ಭಾರು ವಿಮಾನ ನಿಲ್ದಾಣ ಕಾಯುತ್ತಿತ್ತು. 1941ರ ಡಿಸೆಂಬರ್ 8ರಂದು ಜಪಾನಿ ಪಡೆ ಮೊದಲು ಇಳಿದದ್ದು ಅಲ್ಲಿನ ದಂಡೆಗೇ. ಪಡೆ ಚೆದುರಿತು, ಅದರ ಮುಖ್ಯಸ್ಥ ಕರ್ನಲ್ ಸತ್ತ. ಬ್ರಿಟಿಷರ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಮರು ತಿಂಗಳು ಸ್ಲಿಮ್ ನದಿಯ ಬಳಿ ನುಚ್ಚುನೂರಾಯಿತು. 1942ರ ಫೆಬ್ರುವರಿ 15ರಂದು ಸಿಂಗಪುರ ಬಿತ್ತು. 'ಜಪಾನಿಯವರ ಕೈಗೆ ಸಿಕ್ಕಿದ್ದ' ಎಂಬ ನೆನಪು ಮನೆಯಲ್ಲಿದ್ದರೆ ಮೊದಲು ನೋಡಬೇಕಾದ್ದು ಈ ಎರಡು ಪಡೆಗಳನ್ನು.

ಇನ್ನೊಂದು ಮಾತು. ಬ್ರಿಟಿಷರು 'ಯೋಧ ಜನಾಂಗ' ಎಂಬ ತಮ್ಮದೇ ಲೆಕ್ಕದಲ್ಲಿ ಜಾಟ್, ಸಿಖ್, ರಜಪೂತ, ದಖನಿ ಮುಸಲ್ಮಾನರನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದರು. ಪಲ್ಟನ್ನಿನ ಹೆಸರಿನಲ್ಲಿ ಡೆಕ್ಕನ್ ಇದ್ದರೂ ಒಳಗೆ ಜಾಟರು, ಸಿಖ್ಖರು. ಹೀಗಾಗಿ ನಮ್ಮ ಮುತ್ಯಾ ಬಂದೂಕು ಹಿಡಿದವನೇ ಎಂದು ಹಟ ಹಿಡಿಯಬಾರದು. ಕುದುರೆ ನೋಡಿಕೊಳ್ಳುವ ಸಾಯೀಸ, ನೀರು ಹೊರುವ ಭಿಸ್ತಿ, ಅಡುಗೆಯವ, ಹೇಸರಗತ್ತೆ ಹೊಡೆಯುವವ, ರಸ್ತೆ ಕಡಿಯುವ ಕೂಲಿ ಇವರೂ ಸಮುದ್ರ ದಾಟಿದರು. ಪಟ್ಟಿಗಳಲ್ಲಿ ಇವರಿಗೆ 'ಫಾಲೋಯರ್' ಎಂದು ಹೆಸರು. ಸಿಪಾಯಿಗಳಲ್ಲಿ ಸಿಗದ ಹೆಸರು ಎಷ್ಟೋ ಸಲ ಅಲ್ಲಿರುತ್ತದೆ.

ಪದಕದ ಅಂಚು

ಟ್ರಂಕಿನ ತಳದಲ್ಲಿ ಪದಕ ಉಳಿದಿದ್ದರೆ ಪುಣ್ಯ. ಮೊದಲ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು. ಒಂದು ಮುಖದಲ್ಲಿ ದೊರೆ ಐದನೇ ಜಾರ್ಜ್‌ನ ತಲೆ, ಇನ್ನೊಂದು ಮುಖದಲ್ಲಿ ಬರಿಮೈಯ ಸವಾರ, ಪಕ್ಕದಲ್ಲಿ 1914, 1918. ಕೂಲಿ ದಳದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. ಎಲ್ಲರೂ ನೋಡುವುದು ಈ ಎರಡು ಮುಖ. ನೀವು ನೋಡಬೇಕಾದದ್ದು ದಪ್ಪ ಅಂಚನ್ನು. ನಂಬರು, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅಲ್ಲಿ ಒತ್ತಿರುತ್ತಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆದೀತು. ಓರೆಯಾಗಿ ಬ್ಯಾಟರಿ ಬೆಳಕು ಬಿಟ್ಟು ಅಂಚನ್ನು ಸುತ್ತ ತಿರುಗಿಸುತ್ತ ಫೋಟೊ ತೆಗೆಯಿರಿ. ಎರಡನೆಯ ಯುದ್ಧದ ಪದಕಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರೆ, ಭಾರತೀಯರಿಗೆ ಹೆಸರು ಹಾಕಿಸಿ ಕೊಟ್ಟರು. ಈ ಒಂದು ವಿಷಯದಲ್ಲಿ ನಮ್ಮವರೇ ಅದೃಷ್ಟವಂತರು.

ಹೆಸರಿಗಿಂತ ನಂಬರೇ ಮುಖ್ಯ. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಹನುಮಂತಪ್ಪ ಒಂದು ಕಡೆ ಹನ್ಮಂತ, ಇನ್ನೊಂದು ಕಡೆ ಹನುಮ. ಸಿಂಧನೂರು ಸಿಂಧ್ನೂರ್ ಆಗಿರುತ್ತದೆ, ಲಿಂಗಸುಗೂರು ಲಿಂಗ್ಸೂಗೂರ್. ನಂಬರು ಮಾತ್ರ ಬಹುಮಟ್ಟಿಗೆ ಎಲ್ಲ ಕಾಗದದಲ್ಲೂ ಒಂದೇ.

ಸತ್ತವನು ಸಿಗುತ್ತಾನೆ

ಹಿಂತಿರುಗಿ ಬಂದವನಿಗಿಂತ ಬಾರದೇ ಹೋದವನನ್ನು ಹುಡುಕುವುದು ಸುಲಭ. 1917ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಬಳಿ ಎರಡೂ ಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಪಟ್ಟಿ ಇದೆ. ಅಂತರ್ಜಾಲದಲ್ಲಿ ಬಿಟ್ಟಿಯಾಗಿ ನೋಡಬಹುದು. ಭಾರತೀಯರ ಹೆಸರಿನ ಮುಂದೆ ಅನೇಕ ಕಡೆ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆಯೂ ಇರುತ್ತದೆ. ಸೈನಿಕನ ಹೆಸರು ಹಾಕಿ ಸೋತರೆ ಊರಿನ ಹೆಸರು ಹಾಕಿ. ಲಿಂಗಸುಗೂರನ್ನು ನಾಲ್ಕು ಕಾಗುಣಿತದಲ್ಲಿ ಬರೆದು ನೋಡಿ.

ಪಟ್ಟಿಯಲ್ಲಿ ಇಲ್ಲವೆಂದರೆ ಸತ್ತೇ ಇಲ್ಲ ಎಂದಲ್ಲ. ಬಸ್ರಾ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಯದು. ಅದರ ಕಲ್ಲಿನ ಮೇಲೆ ಭಾರತದ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲಿಲ್ಲ, ಸಂಖ್ಯೆ ಮಾತ್ರ ಬರೆದರು. ಮೊದಲ ಯುದ್ಧದಲ್ಲಿ ಸತ್ತ, ಬಹುಪಾಲು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನ, ಕನಿಷ್ಠ 1,16,000 ಜನರನ್ನು ಹೆಸರಿಟ್ಟು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು 2021ರಲ್ಲಿ ಆಯೋಗವೇ ಒಪ್ಪಿಕೊಂಡು ಕ್ಷಮೆ ಕೇಳಿತು.

ಉರ್ದು, ಫಸಲಿ ಮತ್ತು ರಾಣಿಖೇತ್

ಬದುಕಿ ಬಂದವನ ಜಾಡು ಹಿಡಿಯಲು ಮೂರು ಬಾಗಿಲು ತಟ್ಟಬೇಕು. ನಿಜಾಮನ ಪಡೆಯಾಗಿದ್ದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರ. ಕಡತ ಉರ್ದುವಿನಲ್ಲಿ, ತಾರೀಖು ಕಂದಾಯದ ಫಸಲಿ ಇಸವಿಯಲ್ಲಿ. ಈ ಭಾಗದ ರೈತರಿಗೆ ಫಸಲಿ ಹೊಸದಲ್ಲ, ಹಳೆಯ ಪಹಣಿಯಲ್ಲಿ ಕಂಡದ್ದೇ. ಹೈದರಾಬಾದಿನ ಫಸಲಿಗೆ 590 ಕೂಡಿಸಿ: 1324ನೇ ಫಸಲಿ ಎಂದರೆ 1914ರ ಅಕ್ಟೋಬರ್‌ನಿಂದ ಮುಂದಿನ ಒಂದು ವರ್ಷ. ಹೊಲ ಯಾವ ಫಸಲಿಯಲ್ಲಿ ವಾರಸುದಾರರ ಹೆಸರಿಗೆ ವಿರಾಸತ್ ಆಯಿತು ಎಂಬುದೂ ಸಾವಿನ ವರ್ಷಕ್ಕೆ ಒಂದು ಸುಳಿವು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ನಂತರ ನಿಜಾಮನ ಮುದ್ರೆಯಿದ್ದ ಕಾಗದವನ್ನು ಎಷ್ಟು ಜನ ಮನೆಯಲ್ಲಿಟ್ಟುಕೊಂಡಿದ್ದಾರು?

ಬ್ರಿಟಿಷ್ ರೆಜಿಮೆಂಟಾಗಿದ್ದರೆ ದಾರಿ ಉತ್ತರಕ್ಕೆ ತಿರುಗುತ್ತದೆ. 19ನೇ ಹೈದರಾಬಾದ್ ರೆಜಿಮೆಂಟ್ 1945ರಲ್ಲಿ ಕುಮಾವೂಂ ರೆಜಿಮೆಂಟ್ ಆಯಿತು. ಅದರ ಕೇಂದ್ರ ಇರುವುದು ಉತ್ತರಾಖಂಡದ ರಾಣಿಖೇತ್‌ನಲ್ಲಿ. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಸೇವಾ ಕಡತವನ್ನು 25 ವರ್ಷಕ್ಕೆ ನಾಶ ಮಾಡುವ ನಿಯಮ ಸೇನೆಯಲ್ಲಿದೆ. ಆದರೂ 'ಲಾಂಗ್ ರೋಲ್' ಎಂಬ ದಾಖಲೆ ವಹಿಯನ್ನು ಇಟ್ಟಿರುತ್ತಾರೆ. ಅದರಲ್ಲಿ ಸಿಗುವುದು ಒಂದೇ ಸಾಲು. ಸೇರಿದ ದಿನ, ಬಿಟ್ಟ ದಿನ ತಿಳಿಯಲು ಅದು ಸಾಕು. ನಂಬರು ಬರೆದು ಅರ್ಜಿ ಹಾಕಿ.

ಮೂರನೆಯದು ಸೈನಿಕ ಕಲ್ಯಾಣ ಇಲಾಖೆ. ಎರಡನೆಯ ಯುದ್ಧದ ಯೋಧರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರ ನೆರವು ಕೊಡುತ್ತ ಬಂದಿದೆ. ಅಜ್ಜಿಗೆ ಆ ಹಣ ಬರುತ್ತಿದ್ದರೆ ಅರ್ಜಿಯ ಜೊತೆ ಅಜ್ಜನ ಡಿಸ್ಚಾರ್ಜ್ ಪುಸ್ತಕದ ನಕಲು ಹೋಗಿರಲೇಬೇಕು.

ಕ್ಯಾಂಪಿನವರ ದಾರಿಯೇ ಬೇರೆ

ಸಿಂಧನೂರಿನಲ್ಲಿ 'ಕ್ಯಾಂಪ್' ಎಂದರೆ ದಂಡಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಊರು. ಅವರ ತಾತಂದಿರು ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಎರಡನೆಯ ಯುದ್ಧಕ್ಕೆ ಪಂಜಾಬ್ ಬಿಟ್ಟರೆ ಅತಿ ಹೆಚ್ಚು ಜನ ಹೋದದ್ದು ಆ ಪ್ರಾಂತ್ಯದಿಂದ. ಅವರು ಹುಡುಕಬೇಕಾದ್ದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಅಥವಾ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್. ಇದೇ ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಅವರ ಅಜ್ಜ ಹಡಗಿನ ಖಲಾಸಿಯಾಗಿ ಸತ್ತಿದ್ದರೆ ಚಿತ್ತಗಾಂಗ್ ಮತ್ತು ಬೊಂಬಾಯಿಯ ನಾವಿಕರ ಸ್ಮಾರಕ ಪಟ್ಟಿ ನೋಡಬೇಕು. ಒಂದೇ ಸಂತೆಯಲ್ಲಿ ಭೇಟಿಯಾಗುವ ಮೂವರ ಅಜ್ಜಂದಿರು ಮೂರು ದಫ್ತರಗಳಲ್ಲಿದ್ದಾರೆ.

ಮೊದಲ ಯುದ್ಧಕ್ಕೆ ಹೋದ ಪಂಜಾಬಿನ ಸುಮಾರು 3,20,000 ಸೈನಿಕರ ವಹಿಗಳು ಲಾಹೋರಿನ ಮ್ಯೂಸಿಯಮ್ಮಿನಲ್ಲಿ ಸಿಕ್ಕಿ ಗಣಕಕ್ಕೆ ಏರತೊಡಗಿವೆ. ನಮ್ಮ ಸೀಮೆಗೆ ಅಂಥ ವಹಿ ಇಲ್ಲ. ಇಲ್ಲಿ ವಹಿ ಎಂದರೆ ಮನೆಯ ಹಿರಿಯರೇ. ಅವರು ಹೇಳುವ ಅರ್ಧ ಹೆಸರು, ತಪ್ಪು ಊರು, ಹಾಡಿನಂಥ ಒಂದು ಮಾತು ಎಲ್ಲವನ್ನೂ ಹೇಳಿದ ಹಾಗೆಯೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ಪದಕವಿದ್ದರೆ ಮಾರಬೇಡಿ, ಕರಗಿಸಬೇಡಿ. ಬೆಳ್ಳಿಯ ಬೆಲೆ ನಾಲ್ಕು ದಿನಕ್ಕೆ ಖರ್ಚಾಗುತ್ತದೆ, ಅಂಚಿನ ಮೇಲಿನ ಹೆಸರನ್ನು ಮತ್ತೆ ಯಾರೂ ಒತ್ತಿಕೊಡುವುದಿಲ್ಲ.